ಗೆಳೆಯನಿಗೊಂದು ಪತ್ರ: ಪಾಸ್ಟ್ರಾಮಿ ತಿನ್ನದೆ ನಿನ್ನನ್ನು ಬಿಡುವುದಿಲ್ಲ

ಪ್ರೀತಿಯ ಗೆಳೆಯ,

ನೀನು ನ್ಯೂಯಾರ್ಕಿಗೆ ಬರುವುದು ಖಾತ್ರಿಯಾಯಿತಲ್ಲ, ಇನ್ನು ಊಟದ ವಿಷಯ ನನಗೆ ಬಿಡು. ಮ್ಯಾನ್‌ಹಟನ್ನಿನ ಲೋಯರ್ ಈಸ್ಟ್ ಸೈಡಿನಲ್ಲಿ, ಹೌಸ್ಟನ್ ಮತ್ತು ಲಡ್ಲೋ ರಸ್ತೆಗಳು ಕೂಡುವ ಮೂಲೆಯಲ್ಲಿ ಕ್ಯಾಟ್ಜ್ ಡೆಲಿ ಅನ್ನುವ ಮಾಂಸದ ತಿನಿಸುಗಳ ಅಂಗಡಿ ಇದೆ. ಅದರ ವ್ಯಾಪಾರ ಶುರುವಾಗಿದ್ದು 1888ರಲ್ಲಿ. ಅಲ್ಲಿ ಪಾಸ್ಟ್ರಾಮಿ, ಅಂದರೆ ಉಪ್ಪುನೀರಿನಲ್ಲಿ ನೆನೆಸಿ ಮಸಾಲೆ ಮೆತ್ತಿ ಹೊಗೆ ಕೊಟ್ಟ ದನದ ಮಾಂಸ, ತಿನ್ನಿಸದೆ ನಿನ್ನನ್ನು ವಾಪಸ್ ವಿಮಾನ ಹತ್ತಿಸುವುದಿಲ್ಲ.

ಸೂಪರ್ ಮಾರ್ಕೆಟಿನ ಪ್ಯಾಕೆಟ್ ಹ್ಯಾಮ್, ಸಲಾಮಿಯಂಥ ಸಂಸ್ಕರಿಸಿದ ಮಾಂಸ ತಿಂದು ‘ಉಪ್ಪು ಬಿಟ್ಟರೆ ಬೇರೇನೂ ಗೊತ್ತಾಗಲ್ಲ ಕಣೋ’ ಅಂದಿದ್ದೆಯಲ್ಲ, ಅವತ್ತಿನಿಂದ ನಿನಗೆ ಇದನ್ನೆಲ್ಲ ಬರೆಯಬೇಕು ಅನ್ನಿಸುತ್ತಲೇ ಇತ್ತು.

ಫ್ರಿಜ್ ಬರುವ ಮೊದಲು ಮಾಂಸ ಕೆಡದ ಹಾಗೆ ಇಡಲು ಉಪ್ಪು, ಬಿಸಿಲು, ಹೊಗೆ ಇಷ್ಟೇ ಗತಿ. ನಮ್ಮ ಕಡೆ ಖಂಡ ಒಣಗಿಸುವುದೂ ಅದಕ್ಕೇ, ಕೊಡಗಿನಲ್ಲಿ ಒಲೆಯ ಮೇಲೆ ಹಂದಿಮಾಂಸವನ್ನು ಹೊಗೆಗೆ ಕಟ್ಟುವುದೂ ಅದಕ್ಕೇ. ತುರ್ಕರು ದನದ ಮಾಂಸಕ್ಕೆ ಉಪ್ಪು ಹಾಕಿ, ಭಾರ ಹೇರಿ ನೀರಿಳಿಸಿ, ಮೆಂತ್ಯ, ಬೆಳ್ಳುಳ್ಳಿ, ಕೆಂಪು ಮೆಣಸಿನ ಪುಡಿ ಕಲಸಿ ಮೆತ್ತಿ ಒಣಗಿಸುತ್ತಾರೆ. ಅದು ಪಾಸ್ತಿರ್ಮಾ, ಪಾಸ್ಟ್ರಾಮಿಯ ಮೂಲ. ಟರ್ಕಿಯ ಕೈಸೇರಿ ಪಟ್ಟಣ ಇವತ್ತಿಗೂ ಅದಕ್ಕೆ ಹೆಸರುವಾಸಿ. ಆಟೊಮನ್ನರ ಕಾಲದಲ್ಲಿ ಆ ವಿದ್ಯೆ ರೊಮೇನಿಯಾದ ಕಡೆಗೂ ಹಬ್ಬಿತು. ಅಲ್ಲಿನ ಯಹೂದಿಗಳು ಹೆಬ್ಬಾತಿನ ಮಾಂಸದಲ್ಲಿ ಅದನ್ನು ಮಾಡುತ್ತಿದ್ದರು.

1881ರ ನಂತರ ಪೂರ್ವ ಯುರೋಪಿನಲ್ಲಿ ಯಹೂದಿಗಳ ಮೇಲಿನ ಹಲ್ಲೆ, ಬಡತನ ತಾಳಲಾರದೆ 1924ರ ಹೊತ್ತಿಗೆ 20 ಲಕ್ಷಕ್ಕೂ ಹೆಚ್ಚು ಜನ ಅಮೆರಿಕಕ್ಕೆ ಬಂದರು. ಇಲ್ಲಿ ಹೆಬ್ಬಾತು ದುಬಾರಿ, ದನದ ಹೊಟ್ಟೆಭಾಗದ ಮಾಂಸ ಅಗ್ಗ. ಎಳೆ ಗಟ್ಟಿ, ಕೊಬ್ಬು ಜಾಸ್ತಿ, ಕೊಳ್ಳುವವರು ಕಮ್ಮಿ. ಕೈಯಲ್ಲಿ ಕಾಸಿಲ್ಲದವರು ಆ ತುಂಡನ್ನೇ ತಂದು ಇಡೀ ನಗರ ಸಾಲುಗಟ್ಟಿ ನಿಲ್ಲುವಂಥ ತಿನಿಸು ಮಾಡಿದರು ನೋಡು, ಅದಕ್ಕೇ ನನಗೆ ಪಾಸ್ಟ್ರಾಮಿಯ ಮೇಲೆ ಇಷ್ಟು ಗೌರವ.

ಮಾಡುವ ಕ್ರಮ ಕೇಳು. ಮಾಂಸವನ್ನು ಉಪ್ಪು, ಸಕ್ಕರೆ, ಬೆಳ್ಳುಳ್ಳಿ, ಸ್ವಲ್ಪ ನೈಟ್ರೈಟ್ ಎಂಬ ಲವಣ ಬೆರೆಸಿದ ನೀರಿನಲ್ಲಿ ಮಿಡಿಮಾವು ಹಾಕಿಟ್ಟ ಹಾಗೆ ದಿನಗಟ್ಟಲೆ ಮುಳುಗಿಸಿಡುತ್ತಾರೆ. ಕ್ಯಾಟ್ಜ್‌ನವರು 30 ದಿನದವರೆಗೂ ಇಡುವುದುಂಟಂತೆ. ಬೆಂದ ಮೇಲೂ ಮಾಂಸ ಕಂದಾಗದೆ ಗುಲಾಬಿ ಬಣ್ಣದಲ್ಲೇ ಉಳಿಯುವುದು ಆ ನೈಟ್ರೈಟಿನಿಂದ. ವಿಷ ಕಾರುವ ಬಾಟುಲಿನಮ್ ಸೂಕ್ಷ್ಮಾಣುಗಳನ್ನು ತಡೆಯುವುದೂ ಅದೇ. ಆಮೇಲೆ ಕುಟ್ಟಿದ ಕೊತ್ತಂಬರಿ ಬೀಜ, ಕಾಳುಮೆಣಸು ದಪ್ಪಗೆ ಮೆತ್ತಿ, ಸಣ್ಣ ಶಾಖದಲ್ಲಿ ಹೊಗೆ ಕೊಡುತ್ತಾರೆ. ಕೊನೆಗೆ ಹಬೆಯಲ್ಲಿ ಬೇಯಿಸುತ್ತಾರೆ. ಜಗಿಯಲಾಗದ ನರ, ಪೊರೆಯೆಲ್ಲ ಕರಗಿ ಮೆತ್ತಗಾಗುವುದು ಆಗಲೇ. ಮೇಲಿನ ಕಪ್ಪು ಪದರ ಬಾಯಿಗೆ ಸಿಕ್ಕಾಗ ನಿನಗೆ ಮನೆಯ ಸಾರಿನ ಪುಡಿ ನೆನಪಾಗದಿದ್ದರೆ ಕೇಳು. ನಮ್ಮ ಪಶ್ಚಿಮ ಕರಾವಳಿಯಿಂದ ಹಡಗು ತುಂಬಿ ಯುರೋಪಿಗೆ ಹೋದ ಮೆಣಸಿಗೆ ಇಂಥ ಅಡುಗೆಗಳಲ್ಲೆಲ್ಲ ಪಾಲಿದೆ.

ಹಬೆಪೆಟ್ಟಿಗೆಯಿಂದ ಇಡೀ ತುಂಡು ತೆಗೆದು, ಹೊಗೆಯಾಡುತ್ತಿರುವಾಗಲೇ ಉದ್ದನೆಯ ಚಾಕುವಿನಲ್ಲಿ ಎಳೆಗೆ ಅಡ್ಡಲಾಗಿ ಕೊಯ್ಯುತ್ತಾರೆ. ಕೈಯಿಂದಲೇ. 1898ರಲ್ಲಿ ರೋಟರ್‌ಡ್ಯಾಮಿನ ಕಟುಕ ವಿಲ್‌ಹೆಲ್ಮ್ ವಾನ್ ಬರ್ಕೆಲ್ ಮಾಂಸ ಕತ್ತರಿಸುವ ಯಂತ್ರ ಮಾಡಿದ ಮೇಲೆ ಹ್ಯಾಮು, ಸಲಾಮಿಗಳನ್ನು ಕಾಗದದಷ್ಟು ತೆಳ್ಳಗೆ ಹೆರೆಯಬಹುದಾಯಿತು. ಅವಕ್ಕೆ ಅದೇ ಸರಿ. ಆದರೆ ಬಿಸಿ ಪಾಸ್ಟ್ರಾಮಿಯನ್ನು ಯಂತ್ರಕ್ಕೆ ಕೊಟ್ಟರೆ ಪುಡಿಪುಡಿ. ಕೊಯ್ಯುವವನು ಮೊದಲು ಒಂದೆರಡು ಚೂರು ತಟ್ಟೆಗೆ ಹಾಕಿ ರುಚಿಗೆ ಕೊಡುತ್ತಾನೆ. ಕೊಬ್ಬಿರುವುದು ಬೇಕೋ ಬೇಡವೋ ಆಗಲೇ ಹೇಳಬೇಕು. ಬೇಕು ಅನ್ನು, ರಸವೆಲ್ಲ ಇರುವುದು ಅದರಲ್ಲೇ.

ರೈ ಧಾನ್ಯದ ಬ್ರೆಡ್ಡು, ಹುಳಿ ಸಾಸಿವೆ ಗೊಜ್ಜು, ಪಕ್ಕದಲ್ಲಿ ಸೌತೆಕಾಯಿ ಉಪ್ಪಿನಕಾಯಿ, ಅಷ್ಟು ಸಾಕು. ಚೀಸ್ ಹಾಕಿಸಬೇಡ. ಯಹೂದಿ ಆಹಾರ ನಿಯಮದಲ್ಲಿ ಮಾಂಸಕ್ಕೆ ಹಾಲಿನ ಪದಾರ್ಥ ಸೇರುವ ಹಾಗಿಲ್ಲ. ಕ್ಯಾಟ್ಜ್ ಆ ನಿಯಮ ಪಾಲಿಸುವ ಕೋಷರ್ ಅಂಗಡಿಯಲ್ಲ, ಕೇಳಿದರೆ ಹಾಕಿಕೊಡುತ್ತಾರೆ. ಆದರೂ ಇಷ್ಟು ಕೊಬ್ಬಿರುವ ಮಾಂಸಕ್ಕೆ ಬೇಕಾದದ್ದು ಸಾಸಿವೆಯ ಖಾರ ಮತ್ತು ಹುಳಿ.

ಗೋಡೆಯ ಮೇಲಿನ ಬರಹವನ್ನೂ ನೋಡು. ಸೈನ್ಯದಲ್ಲಿರುವ ನಿಮ್ಮ ಮಗನಿಗೆ ಒಂದು ಸಲಾಮಿ ಕಳಿಸಿ, ಅನ್ನುತ್ತದೆ ಅದು. ಎರಡನೇ ಮಹಾಯುದ್ಧದ ಕಾಲದ್ದು. ಒಣ ಸಲಾಮಿ ಫ್ರಿಜ್ ಇಲ್ಲದೆಯೂ ಕೆಡದು, ಅಂಚೆಯಲ್ಲಿ ಎಷ್ಟು ದೂರ ಹೋದರೂ ತಡೆಯುತ್ತದೆ. ಮನೆಯ ರುಚಿ ಯುದ್ಧಭೂಮಿಗೆ ತಲುಪಿದರೆ ಆ ಹುಡುಗರಿಗೆ ಹೇಗಾಗಿರಬೇಡ! ಹಾಸ್ಟೆಲಿಗೆ ಬರುತ್ತಿದ್ದ ನಿಮ್ಮಮ್ಮನ ಚಟ್ನಿಪುಡಿ ಡಬ್ಬದ ಮುಚ್ಚಳ ತೆಗೆಯುತ್ತಿದ್ದವನು ನೀನು, ನಿನಗೆ ಬಿಡಿಸಿ ಹೇಳಬೇಕಿಲ್ಲ.

ಆರೋಗ್ಯದ ಮಾತನ್ನೂ ಹೇಳಿಬಿಡುತ್ತೇನೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೀಗೆ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ದಿನಾ 50 ಗ್ರಾಂ ತಿಂದರೆ ದೊಡ್ಡಕರುಳಿನ ಕ್ಯಾನ್ಸರಿನ ಅಪಾಯ ಸುಮಾರು ಶೇ. 18ರಷ್ಟು ಹೆಚ್ಚುತ್ತದೆ ಎಂದು ಅದರ ಲೆಕ್ಕ. ಹಾಗಾಗಿ ಮಕ್ಕಳ ಡಬ್ಬಿಗೆ ದಿನವೂ ಪ್ಯಾಕೆಟ್ ಹ್ಯಾಮ್ ತುಂಬುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಮನೆಗೆ ಅದನ್ನು ತರುವುದನ್ನೇ ಬಿಟ್ಟಿದ್ದೇವೆ. ಯಾವಾಗಲೋ ಒಮ್ಮೆ ಹೋಗಿ, ಒಳ್ಳೆಯದನ್ನೇ ತಿಂದು ಬರುತ್ತೇವೆ.

ಬಾಗಿಲಲ್ಲಿ ಒಂದು ಚೀಟಿ ಕೊಡುತ್ತಾರೆ, ತಿಂದಿದ್ದನ್ನೆಲ್ಲ ಅದರಲ್ಲೇ ಬರೆಯುವುದು. ಕಳೆದರೆ ದಂಡ ಬೀಳುತ್ತದೆ, ಜೋಪಾನ. ನಿನ್ನ ಜೊತೆ ಬರುವವರು ದನದ ಮಾಂಸ ತಿನ್ನದಿದ್ದರೆ ಟರ್ಕಿ ಕೋಳಿಯದು ಸಿಗುತ್ತದೆ, ಸಂಕೋಚ ಬೇಡ ಅನ್ನು. ಒಂದು ಸ್ಯಾಂಡ್‌ವಿಚ್ ಇಬ್ಬರಿಗೆ ಧಾರಾಳ. ಮಧ್ಯಾಹ್ನದ ರಶ್ಶು ತಪ್ಪಿಸಲು ಹನ್ನೊಂದಕ್ಕೇ ಹೋಗೋಣ, ಅವತ್ತು ಬೆಳಿಗ್ಗೆ ತಿಂಡಿ ತಿನ್ನಬೇಡ. ಟಿಕೆಟ್ ಆದ ಕೂಡಲೇ ತಾರೀಖು ತಿಳಿಸು, ರಜೆ ಹಾಕಬೇಕು.

ನಿನ್ನ ದಾರಿ ಕಾಯುತ್ತಿರುವ
ಗೆಳೆಯ