ಶೆಡ್ ಶಟರ್ ಮೋಟಾರಿಗೆ ಸೋಲಾರ್: ಖರ್ಚು ಮಾಡುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಹಿಂದಿನ ಗಲ್ಲಿಯ ಕಾರ್ ಶೆಡ್ಡುಗಳಿಗೆ ಕರೆಂಟ್ ಲೈನ್ ಇಲ್ಲ, ಶಟರ್ ಮೋಟಾರಿಗೆ ಏನು ಮಾಡೋದು ಅಂತ ನಾಲ್ಕೈದು ಮಂದಿ ಕೇಳಿದ್ದೀರಿ. ನನ್ನ ಅನುಭವ ಹೇಳುತ್ತೇನೆ.

ಮೊದಲು ಮೋಟಾರಿನ ಮೇಲಿನ ಚೀಟಿ ನೋಡಿ. 24 ವೋಲ್ಟ್ ಡಿಸಿ ಇದ್ದರೆ ಸಲೀಸು. 12 ವೋಲ್ಟಿನ ಎರಡು ಬ್ಯಾಟರಿ ಸೀರೀಸಿನಲ್ಲಿ (ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್), ಪ್ಯಾನೆಲ್, ಬ್ಯಾಟರಿ ಅತಿಯಾಗಿ ಚಾರ್ಜ್ ಆಗದಂತೆ ನೋಡುವ ಚಾರ್ಜ್ ಕಂಟ್ರೋಲರ್, ಬ್ಯಾಟರಿ ಹತ್ತಿರವೇ ಒಂದು ಫ್ಯೂಸ್. 230 ವೋಲ್ಟಿನದಾದರೆ ನಡುವೆ ಇನ್ವರ್ಟರ್ ಬೇಕು. ಅದು ಸುಮ್ನೆ ಕೂತರೂ ಬ್ಯಾಟರಿ ತಿನ್ನುತ್ತದೆ.

ನಾನು ಎಡವಿದ್ದು ಇಂಥದ್ದರಲ್ಲೇ. ಶಟರ್ ಎತ್ತೋದಕ್ಕೇ ಜಾಸ್ತಿ ಕರೆಂಟ್ ಬೇಕು ಅಂದುಕೊಂಡಿದ್ದೆ. 300 ವ್ಯಾಟ್ ಮೋಟಾರ್ 20 ಸೆಕೆಂಡ್ ತಿರುಗಿದರೆ 2 ವ್ಯಾಟ್ ಅವರ್ ಕೂಡ ಆಗೋದಿಲ್ಲ. ಆದರೆ ರಿಮೋಟಿಗಾಗಿ ಕಾಯುತ್ತಾ ಕೂರುವ ರಿಸೀವರ್ ಬೋರ್ಡ್ 5 ವ್ಯಾಟ್ ಎಳೆದರೂ ದಿನಕ್ಕೆ 120 ವ್ಯಾಟ್ ಅವರ್! ನನ್ನ 7 ಆಂಪಿಯರ್ ಅವರ್ ಬ್ಯಾಟರಿ ಎರಡೂ ತುಂಬಿದಾಗ ಇರೋದೇ 168 ವ್ಯಾಟ್ ಅವರ್. ಆಷಾಢದ ಮಳೆ ಹಿಡಿದ ಎರಡನೇ ದಿನ ಶಟರ್ ಮೊಣಕಾಲೆತ್ತರಕ್ಕೆ ಏರಿ, ಮುಲುಗಿ, ನಿಂತೇಬಿಟ್ಟಿತು. ತೆವಳಿಕೊಂಡು ಒಳಗೆ ಹೋದೆ. ಮನೆಯವರು ಇನ್ನೂ ನಗುತ್ತಾರೆ.

ಈಗ ಬೋರ್ಡಿಗೆ ಹೊರಗಡೆಯಿಂದ ಕೀಲಿ ಹಾಕಿ ತಿರುಗಿಸುವ ಸ್ವಿಚ್ ಕೊಟ್ಟಿದ್ದೇನೆ. ಬೇಕಾದಾಗ ಮಾತ್ರ ಆನ್.

ನಮ್ಮ ಬೆಳಗಾವಿ ಮಳೆಗಾಲದಲ್ಲಿ ಪ್ಯಾನೆಲ್ ಒಂದನ್ನೇ ನಂಬಬೇಡಿ. ವಾರಕ್ಕೊಮ್ಮೆ ಬ್ಯಾಟರಿ ಮನೆಗೆ ತಂದು ಚಾರ್ಜ್ ಮಾಡಿ. ಶೆಡ್ಡಿಗೆ ಬೇರೆ ಬಾಗಿಲು ಇಲ್ಲದಿದ್ದರೆ ಬ್ಯಾಟರಿ ಕೈಕೊಟ್ಟಾಗ ಶಟರನ್ನು ಕೈಯಲ್ಲೇ ಎತ್ತಲು ಮೋಟಾರ್ ಕ್ಲಚ್ ಬಿಡಿಸುವ ತಂತಿ ಹೊರಗಡೆಯಿಂದಲೂ ಸಿಗುವಂತಿರಲಿ. ಶಟರ್ ಅರ್ಧಕ್ಕೆ ನಿಂತಾಗ ಮಾತ್ರ ಅದನ್ನು ಎಳೆಯಬೇಡಿ, ಧಡ್ ಅಂತ ಬೀಳಬಹುದು.

ಭಾನುವಾರ ಬೆಳಗ್ಗೆ ಶೆಡ್ ತೆಗೆದಿರುತ್ತೇನೆ. ನೋಡೋರು ಬನ್ನಿ, ಯಾರ ಹತ್ತಿರವಾದರೂ ಮಲ್ಟಿಮೀಟರ್ ಇದ್ದರೆ ತನ್ನಿ. ನನ್ನದು ಕೆಟ್ಟಿದೆ.