ಹಾಸ್ಯಗಾರನಿಗೂ ಒಂದು ಹೆಸರಿದೆ ಸ್ವಾಮಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಹಿರಿಯರೊಬ್ಬರು ಸ್ಟ್ಯಾಂಡಪ್ ಕಾಮಿಡಿ ಬಗ್ಗೆ ಸಿಟ್ಟಿನಿಂದ ಬರೆದಿದ್ದರು. ಮೈಕ್ ಹಿಡಿದು ಬಾಯಿಗೆ ಬಂದದ್ದು ಹೇಳುವುದು, ಅದರಲ್ಲಿ ಅರ್ಧ ಬೈಗುಳ, ಇದೂ ಒಂದು ಉದ್ಯೋಗವಾ ಅಂತ ಅವರ ಪ್ರಶ್ನೆ. ಬೈಗುಳದ ವಿಷಯದಲ್ಲಿ ನಾನು ಅವರ ಜೊತೆ ಜಗಳಕ್ಕೆ ಹೋಗುವುದಿಲ್ಲ. ಕೆಲವು ವಿಡಿಯೋಗಳನ್ನು ನನಗೂ ಮನೆಯವರ ಎದುರು ನೋಡಲು ಆಗುವುದಿಲ್ಲ. ಆದರೆ ಉದ್ಯೋಗವಾ ಅಂತ ಕೇಳಿದರಲ್ಲ, ಅದೂ ಮುಂಬೈಯಲ್ಲಿ ಕೂತುಕೊಂಡು, ಅದಕ್ಕೆ ಸುಮ್ನೆ ಇರಲು ಆಗಲಿಲ್ಲ.

ಜಾನಿ ಲಿವರ್ ಅವರನ್ನೇ ತೆಗೆದುಕೊಳ್ಳಿ. ನಾವೆಲ್ಲ ಅವರನ್ನು ಸಿನಿಮಾದವರು ಅಂತ ನೋಡುತ್ತೇವೆ, ಆದರೆ ಅವರು ಮೊದಲು ಸ್ಟೇಜಿನವರು. ನಿಜವಾದ ಹೆಸರು ಜಾನ್ ಪ್ರಕಾಶ್ ರಾವ್ ಜನುಮಲ. 1957ರಲ್ಲಿ ಆಂಧ್ರದ ಕನಿಗಿರಿಯಲ್ಲಿ ಹುಟ್ಟಿದ್ದು, ಬೆಳೆದದ್ದು ಇಲ್ಲೇ ಕಿಂಗ್ಸ್ ಸರ್ಕಲ್, ಧಾರಾವಿ ಕಡೆ. ನಮ್ಮವರು ಭಾನುವಾರ ಎಲೆ ಊಟಕ್ಕೆ ಕ್ಯೂ ನಿಲ್ಲುತ್ತಾರಲ್ಲ, ಅದೇ ಏರಿಯಾ. ಏಳನೇ ಕ್ಲಾಸಿಗೆ ಓದು ನಿಂತಿತು, ಮನೆಯಲ್ಲಿ ದುಡ್ಡಿರಲಿಲ್ಲ. ಹುಡುಗ ರಸ್ತೆಯಲ್ಲಿ ಪೆನ್ನು ಮಾರಿದ. ಬರೀ ಮಾರಿದ್ದಲ್ಲ, ಹಿಂದಿ ಸಿನಿಮಾ ಹೀರೋಗಳ ಥರ ಮಾತಾಡಿ, ಕುಣಿದು ಮಾರಿದ. ಆಮೇಲೆ ಅಪ್ಪ ಕೆಲಸ ಮಾಡುತ್ತಿದ್ದ ಹಿಂದೂಸ್ತಾನ್ ಲಿವರ್ ಕಾರ್ಖಾನೆಯಲ್ಲೇ ಕೂಲಿಗೆ ಸೇರಿಕೊಂಡ. ನೂರು ಕಿಲೋ ಡ್ರಮ್ಮುಗಳನ್ನು ಸಾಗಿಸುವ ಕೆಲಸ. ಕಂಪನಿಯ ಒಂದು ಸಮಾರಂಭದಲ್ಲಿ ದೊಡ್ಡ ದೊಡ್ಡ ಆಫೀಸರುಗಳನ್ನು ಅವರ ಎದುರೇ ಅನುಕರಣೆ ಮಾಡಿ ತೋರಿಸಿದ. ಕೆಲಸಗಾರರಿಗೆ ಎಷ್ಟು ಖುಷಿಯಾಯಿತು ಅಂದರೆ ಅವತ್ತಿಂದ ಅವನನ್ನು ಜಾನಿ ಲಿವರ್ ಅಂತಲೇ ಕರೆದರು. ಹೆಸರು ಕೊಟ್ಟದ್ದು ಯಾವ ಪ್ರೊಡ್ಯೂಸರೂ ಅಲ್ಲ, ಶಿಫ್ಟಿನಲ್ಲಿ ಜೊತೆಗೆ ದುಡಿಯುತ್ತಿದ್ದವರು.

ಈಗ ನಾನು ಹೇಳಬೇಕಾದ್ದಕ್ಕೆ ಬರುತ್ತೇನೆ. ಕಾರ್ಖಾನೆಯಲ್ಲಿದ್ದಾಗಲೂ ಅವರು ಆರ್ಕೆಸ್ಟ್ರಾಗಳಲ್ಲಿ ಕಾರ್ಯಕ್ರಮ ಕೊಡುತ್ತಿದ್ದರು. ಆ ಕಾಲದ ಆರ್ಕೆಸ್ಟ್ರಾ ನೋಡಿದವರಿಗೆ ಗೊತ್ತು, ಎರಡು ಹಾಡುಗಳ ಮಧ್ಯೆ ಒಬ್ಬ ಬಂದು ಮಿಮಿಕ್ರಿ ಮಾಡಿ ಹೋಗುತ್ತಿದ್ದ. ಜನ ಬಂದಿದ್ದು ಹಾಡಿಗೆ. ಅವರನ್ನು ಕೂತಲ್ಲೇ ಕೂರಿಸಿ ನಗಿಸಬೇಕು. ಅಲ್ಲಿಂದ ಅವರು ಸಂಗೀತ ನಿರ್ದೇಶಕ ಜೋಡಿ ಕಲ್ಯಾಣ್‌ಜಿ ಆನಂದ್‌ಜಿ ಅವರ ತಂಡ ಸೇರಿದರು. ಕೆಲಸಕ್ಕೆ ಚಕ್ಕರ್ ಹೊಡೆಯುವುದು ಜಾಸ್ತಿಯಾಯಿತು, ಸ್ಟೇಜಿನಿಂದ ಬರುವ ದುಡ್ಡೂ ಚೆನ್ನಾಗಿತ್ತು, 1981ರಲ್ಲಿ ಕಾರ್ಖಾನೆ ಬಿಟ್ಟರು. 1982ರಲ್ಲಿ ಅಮಿತಾಭ್ ಬಚ್ಚನ್ ಜೊತೆ ವಿದೇಶ ಪ್ರವಾಸ. ಅವರ ಒಂದು ಶೋ ನೋಡಿಯೇ ಸುನಿಲ್ ದತ್ ಸಿನಿಮಾಕ್ಕೆ ಕರೆದರು. ಬಾಜಿಗರ್ ಸಿನಿಮಾದ ಮರೆಗುಳಿ ಬಾಬುಲಾಲ್ ಪಾತ್ರ ಬಂದದ್ದು 1993ರಲ್ಲಿ, ಅಂದರೆ ಕಾರ್ಖಾನೆ ಬಿಟ್ಟು ಹನ್ನೆರಡು ವರ್ಷ ಆದ ಮೇಲೆ. ಈ ಕತೆಯನ್ನು ಎಲ್ಲರೂ ಕಷ್ಟಪಟ್ಟು ಮೇಲೆ ಬಂದವನ ಕತೆ ಅಂತ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಬೇರೆ. ಹಾಡಿನ ಮಧ್ಯೆ ಜಾಗ ತುಂಬಿಸುವ ಕೆಲಸಕ್ಕೂ ಆಗ ಯಾರೋ ದುಡ್ಡು ಕೊಟ್ಟರು, ಅಲ್ವಾ? ಕೊಟ್ಟಿದ್ದಕ್ಕೇ ಅವರು ಪರ್ಮನೆಂಟ್ ಸಂಬಳ ಬಿಡುವ ಧೈರ್ಯ ಮಾಡಿದರು. ಬರೀ ಚಪ್ಪಾಳೆಯಲ್ಲೇ ಮುಗಿಸಿದ್ದರೆ ಅವರು ಇನ್ನೂ ಎಷ್ಟು ವರ್ಷ ಡ್ರಮ್ ಹೊರುತ್ತಿದ್ದರೋ.

ಇನ್ನು ನಮ್ಮ ಕನ್ನಡ ಸಂಘಗಳ ಕಡೆ ನೋಡಿ. ನಾನು ಇಲ್ಲಿನ ಒಂದು ಸಂಘದಲ್ಲಿ ವರ್ಷಗಟ್ಟಲೆ ಕೋಶಾಧಿಕಾರಿಯಾಗಿದ್ದವನು, ವಾರ್ಷಿಕೋತ್ಸವದ ಖರ್ಚಿನ ಪಟ್ಟಿ ನನಗೆ ಬಾಯಿಪಾಠ. ಹಾಲ್ ಬಾಡಿಗೆ, ಸೌಂಡು, ಲೈಟು, ಬ್ಯಾನರ್, ಹೂವಿನ ಹಾರ, ಶಾಲು, ಸ್ಮರಣಿಕೆ, ಊಟ, ಫೋಟೋದವನು, ವಿಡಿಯೋದವನು. ಪುಕ್ಕಟೆ ಯಾರೂ ಬರುವುದಿಲ್ಲ, ಹಾರದವನು ಅಡ್ವಾನ್ಸ್ ಕೇಳುತ್ತಾನೆ. ಹಾಸ್ಯ ಕಾರ್ಯಕ್ರಮ ಅನ್ನುವ ಸಾಲಿನ ಎದುರು ಮಾತ್ರ ಖಾಲಿ. ಯಾಕೆ ಅಂದರೆ ನಮ್ಮ ಹುಡುಗನೇ ಅಲ್ವಾ ಮಾರಾಯ, ಅವನಿಗೂ ಒಂದು ಪ್ರಚಾರ ಸಿಗುತ್ತದೆ ಅನ್ನುತ್ತಾರೆ. ಊರಿನಿಂದ ಪ್ರಾಣೇಶ್ ಅವರನ್ನೋ ಕೃಷ್ಣೇಗೌಡರನ್ನೋ ಕರೆಸುವಾಗ ವಿಮಾನದ ಟಿಕೆಟ್ ತೆಗೆಯಲು ಯಾರೂ ಹಿಂದೆಮುಂದೆ ನೋಡುವುದಿಲ್ಲ, ಅವರ ಯೋಗ್ಯತೆಗೆ ಅದು ಸರಿಯೇ. ಇಲ್ಲಿಯ ಹುಡುಗನಿಗೆ ಆಟೋ ಖರ್ಚು ಕೊಡಲು ಮಾತ್ರ ಮೀಟಿಂಗ್ ಬೇಕು.

ನನ್ನ ಅಕ್ಕನ ಮಗ ಐರೋಲಿಯಲ್ಲಿ ಒಂದು ಕಂಪನಿಯಲ್ಲಿದ್ದಾನೆ. ಸಂಜೆ ಕೆಲಸ ಮುಗಿಸಿ ಅಂಧೇರಿ ಕಡೆ ಓಪನ್ ಮೈಕ್‌ಗೆ, ಅಂದರೆ ಹೊಸ ಹಾಸ್ಯಗಾರರು ಸರದಿಯಲ್ಲಿ ಜೋಕು ಹೇಳಿ ನೋಡುವ ಕಡೆಗೆ, ಹೋಗುತ್ತಾನೆ. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಒಂದು ಕೆಫೆಯ ಮಾಳಿಗೆ, ಪ್ಲಾಸ್ಟಿಕ್ ಕುರ್ಚಿಗಳು, ಎದುರಿಗೆ ಕೂತವರಲ್ಲಿ ಮುಕ್ಕಾಲು ಜನ ತಮ್ಮ ಸರದಿಗೆ ಕಾಯುತ್ತಿರುವ ಇತರ ಹಾಸ್ಯಗಾರರೇ. ಅವರು ನಗುವುದಿಲ್ಲ, ಮೊಬೈಲಿನಲ್ಲಿ ತಮ್ಮ ಜೋಕು ಓದುತ್ತಾ ಇರುತ್ತಾರೆ. ಒಬ್ಬೊಬ್ಬರಿಗೆ ಐದು ನಿಮಿಷ. ಟೈಮ್ ಮುಗಿಯುತ್ತಾ ಬಂದಾಗ ಹಿಂದಿನಿಂದ ಆಯೋಜಕ ಮೊಬೈಲ್ ಟಾರ್ಚ್ ತೋರಿಸುತ್ತಾನೆ, ಅದಕ್ಕೆ ಲೈಟ್ ಬಿತ್ತು ಅನ್ನುತ್ತಾರೆ. ಕೆಲವು ಕಡೆ ಈ ಐದು ನಿಮಿಷಕ್ಕೆ ಹಾಸ್ಯಗಾರನೇ ದುಡ್ಡು ಕಟ್ಟಬೇಕು. ನನಗೆ ಅದನ್ನು ಕೇಳಿ ತಲೆ ತಿರುಗಿತು.

ಅವನ ಒಂದು ಜೋಕು ಇದೆ. ನಾನು ಶೆಟ್ಟಿ ಅಂದ ಕೂಡಲೇ ಆಫೀಸಿನವರು ನಿಮ್ಮ ಹೋಟೆಲ್ ಎಲ್ಲಿ ಅಂತ ಕೇಳುತ್ತಾರೆ, ಹೋಟೆಲ್ ಇಲ್ಲ ಅಂದರೆ ಮುಖ ಸಣ್ಣದು ಮಾಡಿ, ಪಾಪ, ಯಾವಾಗ ಹೋಯ್ತು ಅನ್ನುತ್ತಾರೆ. ಅಷ್ಟೇ. ಮೊದಲು ಇದು ಉದ್ದ ಇತ್ತು. ಅಜ್ಜ ಹಡಗಿನಲ್ಲಿ ಬಂದದ್ದು, ಕ್ಯಾಂಟೀನಿನಲ್ಲಿ ಕಪ್ಪು ತೊಳೆದದ್ದು, ನೈಟ್ ಸ್ಕೂಲ್, ಎಲ್ಲ ಇತ್ತು, ಯಾರೂ ನಗುತ್ತಿರಲಿಲ್ಲ. ಪ್ರತಿ ಸಲವೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ವಾಪಸ್ ಬರುವಾಗ ಲೋಕಲ್ ಟ್ರೇನಿನಲ್ಲಿ ಕಿವಿಗೆ ಹಾಕಿ ಕೇಳುತ್ತಾನೆ, ಎಲ್ಲಿ ನಗು ಬಂತು, ಎಲ್ಲಿ ಕೆಮ್ಮು ಬಂತು ಅಂತ. ಅಜ್ಜ ಹೋದರು, ಹಡಗು ಹೋಯಿತು, ಕೊನೆಗೆ ಉಳಿದದ್ದು ಆ ಎರಡು ಸಾಲು. ಇದನ್ನೇ ಕನ್ನಡದವರ ಎದುರು ಹೇಳಿದರೆ ಇನ್ನೊಂದು ತಮಾಷೆ, ಎದುರಿಗೆ ಕೂತವರಲ್ಲಿ ನಾಲ್ಕು ಜನರಿಗಾದರೂ ಹೋಟೆಲ್ ಇರುತ್ತದೆ, ಅವರು ಹೋಟೆಲ್ ಎಲ್ಲಿ ಅನ್ನುವಾಗಲೇ ನಕ್ಕುಬಿಡುತ್ತಾರೆ. ಆ ನಗು ಮುಗಿಯುವ ತನಕ ಕಾಯಬೇಕು ಮಾವ, ಅವಸರ ಮಾಡಿದರೆ ಮುಂದಿನ ಸಾಲು ಸತ್ತ ಹಾಗೆ ಅಂತ ಅವನೇ ಹೇಳಿದ್ದು. ಬಾಯಿಗೆ ಬಂದದ್ದು ಹೇಳುವುದು ಅಂತ ಬರೆದ ಹಿರಿಯರಿಗೆ ಇದನ್ನು ಸ್ವಲ್ಪ ತಲುಪಿಸಿ.

ಇದೇ ಹುಡುಗನನ್ನು ಒಂದು ಸಂಘದವರು ಕರೆದಿದ್ದರು. ಏಳೂವರೆಗೆ ಬಾ ಅಂದರು. ಮುಖ್ಯ ಅತಿಥಿ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದಿದ್ದರು, ಜನ ಏಳಲು ಶುರು ಮಾಡಿದ್ದರು, ಹಾಗಾಗಿ ಇವನನ್ನು ಸ್ಟೇಜಿಗೆ ತಳ್ಳಿ ಸ್ವಲ್ಪ ಹೊತ್ತು ಎಳೆ ಮಾರಾಯ ಅಂದರು. ಎಳೆದ. ಜನ ಕೂತರು, ನಗಲೂ ಶುರು ಮಾಡಿದರು. ಹೋಟೆಲ್ ಇಲ್ಲ ಅಂದರೆ ಅಂತ ಹೇಳಿ ಬಾಯಿ ತೆರೆಯುವಷ್ಟರಲ್ಲಿ ಅತಿಥಿ ಬಾಗಿಲಲ್ಲಿ ಕಂಡರು, ನಿರೂಪಕರು ಅವನ ಕೈಯಿಂದ ಮೈಕ್ ಕಿತ್ತುಕೊಂಡರು, ಬ್ಯಾಂಡಿನವರು ಊದಿದರು. ಉಳಿದದ್ದನ್ನು ಊಟ ಶುರುವಾದ ಮೇಲೆ ಮಾಡು ಅಂತ ಅಪ್ಪಣೆಯಾಯಿತು. ಕೈಯಲ್ಲಿ ಪ್ಲೇಟು, ಬಾಯಲ್ಲಿ ಕೋರಿರೊಟ್ಟಿ ಇರುವ ಜನರಿಗೆ ಯಾವ ಜಾನಿ ಲಿವರ್ ಬಂದರೂ ಜೋಕು ಹೇಳಲು ಆಗುವುದಿಲ್ಲ.

ಹೊರಗಿನವರಿಗೆ ಕಾಣುವುದು ಮೇಲಿನ ತುದಿ ಮಾತ್ರ. ಸ್ಟ್ಯಾಂಡಪ್ ಮಾಡುವ ವೀರ್ ದಾಸ್‌ಗೆ 2023ರಲ್ಲಿ ಇಂಟರ್‌ನ್ಯಾಷನಲ್ ಎಮ್ಮಿ ಅನ್ನುವ ಟಿವಿ ಪ್ರಶಸ್ತಿ ಬಂತು, ಜಾಕಿರ್ ಖಾನ್ 2025ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಿಂದಿಯಲ್ಲೇ ಶೋ ಮಾಡಿದರು, ಅದನ್ನು ನೋಡಿ ಇವರೆಲ್ಲ ಕೋಟಿ ಎಣಿಸುತ್ತಾರೆ ಅಂತ ನಮ್ಮವರ ಲೆಕ್ಕ. ಕೆಳಗಿನವರ ಲೆಕ್ಕ ಬೇರೆ. ಅವರಿಗೆ ನಾಲ್ಕು ಕಾಸು ಸಿಗುವುದು ಕಂಪನಿಗಳ ಕಾರ್ಯಕ್ರಮದಲ್ಲಿ. ಅಲ್ಲಿ ಮೊದಲೇ ಒಂದು ಪಟ್ಟಿ ಕಳಿಸುತ್ತಾರಂತೆ: ರಾಜಕೀಯ ಬೇಡ, ಧರ್ಮ ಬೇಡ, ಸಾಹೇಬರ ಬಗ್ಗೆ ಅಂತೂ ಬೇಡವೇ ಬೇಡ. ಸಾಹೇಬರನ್ನು ಅನುಕರಣೆ ಮಾಡಿಯೇ ಜಾನಿ ಲಿವರ್ ಹೆಸರು ಸಂಪಾದಿಸಿದ ಊರಿದು ಅಂತ ಆ ಎಚ್‌ಆರ್‌ನವರಿಗೆ ಯಾರು ಹೇಳಬೇಕು?

ಜಾಗದ ಕಷ್ಟವೂ ಕಡಿಮೆ ಇಲ್ಲ. ಖಾರ್‌ನಲ್ಲಿ ಹ್ಯಾಬಿಟ್ಯಾಟ್ ಅಂತ ಒಂದು ಜಾಗ, ಹೊಸಬರಿಗೆಲ್ಲ ಅದೇ ದೊಡ್ಡ ಮೆಟ್ಟಿಲು. 2025ರ ಮಾರ್ಚ್‌ನಲ್ಲಿ ಹಾಸ್ಯಗಾರ ಕುನಾಲ್ ಕಾಮ್ರಾ ಅವರ ಒಂದು ಅಣಕು ಹಾಡಿನ ವಿಷಯಕ್ಕೆ ಶಿಂದೆ ಬಣದ ಶಿವಸೇನೆ ಕಾರ್ಯಕರ್ತರು ನುಗ್ಗಿ ಅದನ್ನು ಒಡೆದು ಹಾಕಿದರು, ಮರುದಿನ ಅದನ್ನು ನಡೆಸುವವರು ಬಾಗಿಲು ಹಾಕುತ್ತೇವೆ ಅಂದರು. ಆ ಹಾಡು ನಿಮಗೆ ಹಿಡಿಸಬಹುದು, ಬಿಡಬಹುದು. ಹಾಡಿದವರು ದೊಡ್ಡವರು, ಅವರಿಗೆ ಯೂಟ್ಯೂಬ್ ಇದೆ. ಪೆಟ್ಟು ಬಿದ್ದದ್ದು ಐದು ನಿಮಿಷದವರಿಗೆ.

ಹಾಗಾಗಿ ನಮ್ಮ ಸಂಘಗಳಿಗೆ ನನ್ನ ಮಾತು ಇಷ್ಟೇ. ನಿಮ್ಮ ಹತ್ತಿರ ಹಾಲ್ ಇದೆ, ಮೈಕ್ ಇದೆ, ಜನ ಇದ್ದಾರೆ. ದೇಣಿಗೆಯಿಂದ ನಡೆಯುವ ಸಂಘ ಅಂತ ನನಗೂ ಗೊತ್ತು, ಲಕ್ಷ ಯಾರೂ ಕೇಳುತ್ತಿಲ್ಲ. ಸಣ್ಣ ಮೊತ್ತವೇ ಆಗಲಿ, ಮೊದಲೇ ಹೇಳಿ ಕೊಡಿ. ಟೈಮ್ ಕೊಟ್ಟರೆ ಆ ಟೈಮ್ ಅವನದು, ಮಂತ್ರಿ ಬಂದರೂ ಎರಡು ನಿಮಿಷ ಬಾಗಿಲಲ್ಲಿ ನಿಲ್ಲಲಿ. ಶಾಲು ಬೇಡ, ಈ ಹುಡುಗರ ಹತ್ತಿರ ಬೇಕಾದಷ್ಟು ಇದೆ.

ಸಂಪಾದಕರೇ, ನಿಮ್ಮ ಪತ್ರಿಕೆಗೂ ಒಂದು ಮಾತು, ಬೇಜಾರು ಮಾಡಬೇಡಿ. ಮೇಲೆ ಹೇಳಿದ ಆ ಸಮಾರಂಭದ ವರದಿ ನಿಮ್ಮಲ್ಲಿ ಬಂದಿತ್ತು. ದೀಪ ಬೆಳಗಿದವರು, ಉಪಸ್ಥಿತರಿದ್ದವರು, ಸ್ವಾಗತಿಸಿದವರು, ಪ್ರಾಸ್ತಾವಿಕವಾಗಿ ಮಾತಾಡಿದವರು, ಅತಿಥಿಗಳನ್ನು ಪರಿಚಯಿಸಿದವರು, ನಿರೂಪಿಸಿದವರು, ವಂದಿಸಿದವರು, ಎಲ್ಲರ ಹೆಸರೂ ಇತ್ತು. ಕೊನೆಯ ಸಾಲು: ಹಾಸ್ಯ ಕಾರ್ಯಕ್ರಮವೂ ನಡೆಯಿತು. ಯಾರು ಮಾಡಿದ್ದು? ತಾನಾಗಿ ನಡೆಯಿತಾ? ಊರಿನ ಯಕ್ಷಗಾನ ಮೇಳದ ಕರಪತ್ರ ನೋಡಿ. ಭಾಗವತರು, ಚೆಂಡೆ ಮದ್ದಳೆ, ಸ್ತ್ರೀವೇಷ, ಅದರ ಜೊತೆಗೇ ಹಾಸ್ಯ ಅಂತ ಬೇರೆ ಹಾಕಿ ಎದುರಿಗೆ ಹೆಸರು ಇರುತ್ತದೆ. ಪೆರುವಡಿ ನಾರಾಯಣ ಭಟ್ಟರ ಪಾಪಣ್ಣನ ಪಾತ್ರವನ್ನು ನೋಡಲೆಂದೇ ಜನ ರಾತ್ರಿ ನಿದ್ದೆಗೆಟ್ಟು ಕೂತಿರುತ್ತಿದ್ದರು, ಮಿಜಾರು ಅಣ್ಣಪ್ಪನವರ ಹೆಸರು ಈಗಲೂ ಹಳಬರ ಬಾಯಲ್ಲಿದೆ. ಹಾಸ್ಯಗಾರನ ಹೆಸರು ಹಾಕುವುದನ್ನು ನಮಗೆ ಅಮೆರಿಕದವರು ಬಂದು ಕಲಿಸಬೇಕಾಗಿಲ್ಲ.

ಮುಂದಿನ ತಿಂಗಳು ನಮ್ಮ ಸಂಘದ ವಾರ್ಷಿಕೋತ್ಸವ ಇದೆ. ಈ ಸಲ ಡೊಂಬಿವಲಿಯ ಒಬ್ಬ ಹುಡುಗಿಯನ್ನು ಕರೆದಿದ್ದೇವೆ (ಅಕ್ಕನ ಮಗನನ್ನಲ್ಲ, ಅನುಮಾನ ಬೇಡ). ಕನ್ನಡದಲ್ಲಿ ಇಪ್ಪತ್ತು ನಿಮಿಷ, ಎಂಟು ಗಂಟೆಗೆ ಸರಿಯಾಗಿ, ಅತಿಥಿಗಳು ಬಂದಿರಲಿ ಬಿಡಲಿ ಅಂತ ಸಮಿತಿಯಲ್ಲಿ ಗಲಾಟೆ ಮಾಡಿ ಒಪ್ಪಿಸಿದ್ದೇನೆ. ಆಮಂತ್ರಣ ನಿಮ್ಮ ಕಚೇರಿಗೆ ಬರುತ್ತದೆ, ವರದಿಗಾರರನ್ನು ಕಳಿಸಿಕೊಡಿ. ಜಾಗ ಸಾಲದೆ ಅತಿಥಿಗಳ ಹೆಸರು ಒಂದೆರಡು ಬಿಟ್ಟುಹೋದರೆ ಆಮೇಲೆ ಬರುವ ಫೋನುಗಳನ್ನು ನಾನು ನೋಡಿಕೊಳ್ಳುತ್ತೇನೆ.

ಇಂತಿ ನಿಮ್ಮ ಹಳೆಯ ಓದುಗ,
ಮಾಟುಂಗಾ, ಮುಂಬೈ