ಬೆಕ್ಕಿನ ಉಳಿದ ಮೂರು ಮನೆಗಳು

ಮೂಡಿಗೆರೆ

ಪ್ರಿಯ ಗೆಳೆಯ,

ನೀನು ಕಳುಹಿಸಿದ ಬೆಕ್ಕಿನ ಕಥೆಗಳ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮನೆಮಂದಿಯೆಲ್ಲ ಮಲಗಿದ ಮೇಲೆ ಬೆಕ್ಕುಗಳು ಅಟ್ಟದಲ್ಲಿ ಸಭೆ ಸೇರಿ, ನ್ಯಾಯ ತೀರ್ಮಾನ ಮಾಡಿ, ಹೋಳಿಗೆ ಊಟ ಮುಗಿಸಿ ಬೆಳಗಾಗುವಷ್ಟರಲ್ಲಿ ಏನೂ ತಿಳಿಯದವರಂತೆ ಒಲೆಯ ಬಳಿ ಬಂದು ಮಲಗುವ ಕಲ್ಪನೆ ಸೊಗಸಾಗಿದೆ. ಆದರೆ ನನಗೆ ಅಲ್ಲಿ ಕಂಡವರು ಬೆಕ್ಕಿನ ವೇಷ ತೊಟ್ಟ ಮನುಷ್ಯರೇ. ಬೆಕ್ಕಿನ ನಾಲಿಗೆಗೆ ಸಿಹಿಯ ರುಚಿಯೇ ತಿಳಿಯದು. ಅದನ್ನು ಗ್ರಹಿಸಲು ಬೇಕಾದ ಜೀನ್ ಅದರಲ್ಲಿ ಕೆಲಸ ಮಾಡುವುದಿಲ್ಲ. ಹಾಗಿದ್ದಮೇಲೆ ಅವುಗಳ ಹಬ್ಬದೂಟದಲ್ಲಿ ಎಲೆಗೆ ಏನು ಬೀಳಬೇಕು? ನೀನು ಬರೆದ ನಿಶ್ಶಬ್ದ ರಾತ್ರಿಯೂ ಬೆಕ್ಕಿಗಿಲ್ಲ. ನಮ್ಮ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳಲ್ಲಿ ಸೋತುಹೋದರೆ ಅದರ ಕಿವಿ 60,000ವನ್ನೂ ದಾಟುತ್ತದೆ. ಗೋಡೆಯ ಬಿಲದಲ್ಲಿ ಇಲಿಮರಿ ತಾಯಿಯನ್ನು ಕರೆಯುವ, ನಾವೆಂದೂ ಕೇಳದ ಕೂಗು ಅದಕ್ಕೆ ಕೇಳಿಸುತ್ತದೆ. ಕಥೆ ಆ ಕಿವಿಯಿಂದ ಹುಟ್ಟಬೇಕೆಂದು ನನ್ನ ಆಸೆ.

ಮರಿ ಹಾಕಿದ ಬೆಕ್ಕು ಏಳು ಮನೆ ತಿರುಗುತ್ತದೆ ಎಂದು ಅಜ್ಜಿಯಂದಿರು ಹೇಳುತ್ತಿದ್ದುದು ನಿನಗೂ ನೆನಪಿರಬೇಕು. ಹೋದ ಬೇಸಿಗೆಯಲ್ಲಿ ನಮ್ಮ ಬೆಳ್ಳಿ ನಾಲ್ಕು ಮರಿ ಹಾಕಿದಾಗ ನಾನು ಆ ಮನೆಗಳನ್ನು ಎಣಿಸತೊಡಗಿದೆ. ಅಟ್ಟದ ಗೋಣಿಚೀಲಗಳ ಸಂದಿ, ಕೊಟ್ಟಿಗೆಯ ಹುಲ್ಲು, ಬಚ್ಚಲಿನ ಹಂಡೆ ಒಲೆಯ ಪಕ್ಕದ ಸೌದೆ ರಾಶಿ, ಆಮೇಲೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ. ಸೌದೆ ರಾಶಿಯಿಂದ ಹೊರಟದ್ದನ್ನು ಒಂದು ಮೊಳದಷ್ಟು ಹತ್ತಿರದಿಂದ ಕಂಡೆ. ತಾಯಿ ಹಿಂಗತ್ತನ್ನು ಕಚ್ಚಿ ಎತ್ತಿದೊಡನೆ ಮರಿಯ ಮೈ ಸಡಿಲವಾಯಿತು, ಹಿಂಗಾಲುಗಳು ಹೊಟ್ಟೆಗೆ ಸೇರಿದವು, ಬಾಲ ಮಡಚಿಕೊಂಡಿತು. ಕಣ್ಣು ಮಾತ್ರ ತೆರೆದೇ ಇತ್ತು. ಶ್ರೀವೈಷ್ಣವರಲ್ಲಿ ತೆಂಗಲೆಯವರು ದೇವರಿಗೆ ಶರಣಾಗುವುದಕ್ಕೆ ಮಾರ್ಜಾಲ ನ್ಯಾಯವನ್ನು, ಅಂದರೆ ತಾಯಿ ಕಚ್ಚಿ ಒಯ್ಯುವ ಬೆಕ್ಕಿನ ಮರಿಯ ಹೋಲಿಕೆಯನ್ನು, ಏಕೆ ಉದಾಹರಿಸುತ್ತಾರೆ ಎಂಬುದು ನನಗೆ ಅರ್ಥವಾದದ್ದು ಆಗಲೇ.

ಉಳಿದ ಮೂರು ಮನೆಗಳು ನನಗೆ ಸಿಗಲಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ವಾರ ಕಳೆದು ತೋಟವೆಲ್ಲ ಬೆಳ್ಳಗಾಗಿತ್ತು. ಮುಸ್ಸಂಜೆ ಅನ್ನ ತಿಂದು ಬೆಳ್ಳಿ ಕಾಫಿ ಗಿಡಗಳ ನಡುವೆ ನುಸುಳುತ್ತಿತ್ತು. ಹಿಂದೆ ಹೋದರೆ ನಾಲ್ಕನೆಯ ಸಾಲಿನಲ್ಲಿಯೇ ಮಾಯವಾಗುತ್ತಿತ್ತು. ಹನ್ನೊಂದನೆಯ ಬೆಳಿಗ್ಗೆ ಒಂದೊಂದಾಗಿ ಮರಿಗಳನ್ನು ಜಗಲಿಗೆ ತಂದಿಟ್ಟಿತು. ಬೆನ್ನಿನ ಮೇಲೆ ಕಾಫಿ ಹೂವಿನ ಎಸಳುಗಳಿದ್ದವು. ಮರಿಗಳು ಮೂರೇ ಇದ್ದವು.

ತೋಟದಲ್ಲಿ ಪುನುಗು ಬೆಕ್ಕೂ ಕಾಡುಬೆಕ್ಕೂ ತಿರುಗಾಡುವುದರಿಂದ ಏನಾಗಿರಬಹುದೆಂದು ಊಹಿಸಬಲ್ಲೆ, ಆದರೂ ಮನಸ್ಸು ಒಪ್ಪುತ್ತಿಲ್ಲ. ಆಮೇಲೆ ಮೂರು ಸಂಜೆ ಬೆಳ್ಳಿ ಮರಿಗಳಿಗೆ ಮೊಲೆಯೂಡಿಸುತ್ತಲೇ ತೋಟದತ್ತ ಕಿವಿ ತಿರುಗಿಸಿ ಮಲಗಿರುತ್ತಿತ್ತು. ಪಕ್ಕದಲ್ಲಿಯೇ ಕುಳಿತು ನಾನೂ ಕಿವಿಗೊಟ್ಟೆ. ಜೀರುಂಡೆಗಳ ಸದ್ದಿನ ಹೊರತು ನನಗೆ ಏನೂ ಕೇಳಿಸಲಿಲ್ಲ.

ಆ ಮೂರು ಮನೆಗಳ ಕಥೆಯನ್ನು ನೀನು ಬರೆಯಬೇಕು. ನಾಲ್ಕನೆಯ ಮರಿ ಏಳನೆಯ ಮನೆಯಲ್ಲಿಯೇ ಉಳಿದಿದೆ, ಅಲ್ಲಿಂದ ಕರೆಯುತ್ತಿದೆ, ತಾಯಿಗೆ ಮಾತ್ರ ಕೇಳಿಸುತ್ತಿದೆ ಎಂದಿಟ್ಟುಕೊಂಡು ಆರಂಭಿಸು.

ಇಂತಿ ನಿನ್ನ ಗೆಳೆಯ